ಗಿರಣಿ ಬೀದಿಗೆ ಹಳದಿ

"ಹಳದಿ ಹಾಕ್ಬೇಕು ಸಾರ್. ನೀಲಿ ಆಗ್ಕೂಡ್ದು."

ರೇಣುಕಪ್ರಸಾದ್ ಮಧುಗಿರಿಯ ಹೊಸ ನಕ್ಷೆಯ ಮೇಲೆ ಬೆರಳೂರಿ ಹೇಳಿದ. ಪಟ್ಟಣದ ಯೋಜನೆಗೆ ಆಕ್ಷೇಪಣೆ ಕೇಳುವ ಸಭೆ ಅದು. ಹಳದಿ ಎಂದರೆ ವಾಸದ ವಲಯ, ನೀಲಿ ಎಂದರೆ ವ್ಯಾಪಾರದ್ದು. ಹೆದ್ದಾರಿ ಬದಿಯ ಅವನ ಸೈಟು ನೀಲಿ. ಅದರ ಬೆನ್ನಿಗಿರುವ ಗಿರಣಿ ಬೀದಿಗೆ ಈವರೆಗೆ ಯಾವ ಬಣ್ಣವೂ ಇರಲಿಲ್ಲ. ಕರಡಿನಲ್ಲಿ ಅದಕ್ಕೂ ನೀಲಿ ಬಳಿದಿದ್ದರು. ನೀಲಿಯೇ ಉಳಿದರೆ ನಾಗರತ್ನಮ್ಮನ ರಾಗಿ ಗಿರಣಿ ಸಕ್ರಮ. ಹಳದಿಯಾದರೆ ಬೀಗ.

ಆ ಬೀಗಕ್ಕಾಗಿ ಅವನು ವರ್ಷದಿಂದ ಹಲ್ಲು ಕಚ್ಚಿ ಕಾದಿದ್ದ. ಸೈಟಿನಲ್ಲಿ ಪೆಟ್ರೋಲ್ ಬಂಕಿಗೆ ಅರ್ಜಿ ಹಾಕಿದವನು, ಲಾರಿ ತಿರುಗಲು ಗಿರಣಿ ಪಕ್ಕದ ಹತ್ತಡಿ ಜಾಗ ಕೇಳಲು ಹೋಗಿದ್ದ. ಡಬ್ಬಿ ಹಿಡಿದು ಸಾಲು ನಿಂತ ಹೆಂಗಸರ ಮುಂದೆಯೇ ಆಕೆ, "ಹಿಟ್ಟು ಬೇಕಾ, ಕೊಡ್ತೀನಿ ಕಣಪ್ಪ. ಜಾಗದ ಮಾತು ಎತ್ತಬ್ಯಾಡ," ಎಂದಿದ್ದಳು. ಹೆಂಗಸರು ಗೊಳ್ಳೆಂದಿದ್ದರು. ಆ ನಗು ನೆನೆದರೆ ಈಗಲೂ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಬಂಕಿನ ಜಾಗ ಅಳೆಯಲು ಬಂದ ಕಂಪನಿಯವರೂ ಬಿಸಿಲಿಗೆ ಆಕೆಯ ಜಗಲಿ ಮೇಲೆ ಕೂತು, ಮಜ್ಜಿಗೆ ಕುಡಿದು, ಬಂಕು, ಅಳತೆ, ನಿಯಮ ಅಂತ ಅರ್ಧ ದಿನ ಹರಟಿದ್ದರು. ಅದೂ ಅವನ ಸಿಟ್ಟಿಗೆ ಸೇರಿತ್ತು.

ಯೋಜನಾಧಿಕಾರಿ ಶಫೀವುಲ್ಲಾ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದ ನಾಗರತ್ನಮ್ಮನ ಕಡೆ ತಿರುಗಿದರು. "ಅಮ್ಮ, ಇಪ್ಪತ್ತು ವರ್ಷದ ಗಿರಣಿ. ನೀಲಿನೇ ಇರ್ಲಿ ಅಂತ ಒಂದು ಅರ್ಜಿ ಕೊಡಿ ಸಾಕು. ಇವರೊಬ್ಬರ ಆಕ್ಷೇಪಣೆ ನಿಲ್ಲೋದಿಲ್ಲ."

ರೇಣುಕಪ್ರಸಾದ್ ಅಧಿಕಾರಿಯ ಮೇಜಿನತ್ತ ಒಂದು ಹೆಜ್ಜೆ ಮುಂದಿಟ್ಟ.

"ಬ್ಯಾಡ ಸ್ವಾಮಿ," ಎಂದಳು ನಾಗರತ್ನಮ್ಮ. "ಅವ್ನು ಹೇಳ್ದಂಗೇ ಹಳದಿ ಬರ್ದುಬುಡಿ. ಅವ್ನ ಅರ್ಜಿದು ಒಂದು ನಕಲು ನಂಗೆ ಕೊಡಿ. ಯಾರಿಂದ ಆಯ್ತು ಅಂತ ನಾಳೆ ನಾಕು ಜನಕ್ಕೆ ಗೊತ್ತಾಗ್ಬೇಕಲ್ಲ."

"ಬಾಗಿಲು ಹಾಕ್ಬೇಕಾಗುತ್ತೆ ಅಮ್ಮ."

"ಗೊತ್ತು ಸ್ವಾಮಿ."

ಸೊಕ್ಕು ಮುರಿಯಿತು ಎಂದುಕೊಂಡ ರೇಣುಕಪ್ರಸಾದ್. ನಕಲಿನ ಮೇಲೂ, ಯಾರೂ ಕೇಳದೆಯೇ, ದೊಡ್ಡದಾಗಿ ಸಹಿ ಹಾಕಿಕೊಟ್ಟ.

ಬೀಗ ಬಿದ್ದ ದಿನ ಅವನು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ. ನಾಗರತ್ನಮ್ಮ ಕಣ್ಣೀರು ಹಾಕಲಿಲ್ಲ. ಬೆಲ್ಟು ಬಿಚ್ಚಿದಳು, ಉಳಿದ ಹಿಟ್ಟು ಗುಡಿಸಿದಳು, ಮಿಷನ್ನನ್ನು ಐ.ಡಿ.ಹಳ್ಳಿಯ ತಂಗಿ ಮನೆಗೆ ಸಾಗಿಸಿದಳು. ಇಪ್ಪತ್ತು ವರ್ಷ ಅನ್ನ ಕೊಟ್ಟ ಹೊಸಿಲನ್ನು ಒಮ್ಮೆ ಮುಟ್ಟಿ ನಮಸ್ಕರಿಸಿದಳು. ಆಮೇಲೆ ಅಲ್ಲಿಂದ ಅವನ ಸೈಟಿನ ಕಲ್ಲಿನವರೆಗೆ ನಿಧಾನವಾಗಿ ಹೆಜ್ಜೆ ಎಣಿಸುತ್ತ ನಡೆದಳು.

"ಎಷ್ಟಾಯ್ತಕ್ಕ?" ಅವನು ನಗುತ್ತ ಕೂಗಿದ.

"ಮೂವತ್ತೂ ಆಗ್ಲಿಲ್ಲ ಕಣಪ್ಪ. ಸಾಕು ಬುಡು."

ತಲೆ ಕೆಟ್ಟಿದೆ ಪಾಪ ಎಂದು ಅವನು ಪಕ್ಕದವನಿಗೆ ಕಣ್ಣು ಹೊಡೆದ.

ಎರಡು ತಿಂಗಳಿಗೆ ಪೆಟ್ರೋಲ್ ಕಂಪನಿಯ ಲಕೋಟೆ ಬಂತು. ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಹೆಂಡತಿಯನ್ನು ಕೂಗಿ ಕರೆದು, ಅವನು ಗಟ್ಟಿಯಾಗಿ ಓದತೊಡಗಿದ.

"ತಮ್ಮ ನಿವೇಶನದಿಂದ ಐವತ್ತು ಮೀಟರ್ ಒಳಗೆ ವಾಸದ ವಲಯವಿರುವುದರಿಂದ ನಿಯಮದಂತೆ ಬಂಕಿಗೆ ಅವಕಾಶವಿಲ್ಲ; ಆಧಾರವಾಗಿ, ಶ್ರೀಮತಿ ನಾಗರತ್ನಮ್ಮನವರು ಕಳುಹಿಸಿಕೊಟ್ಟ, ಗಿರಣಿ ಬೀದಿಯನ್ನು ವಾಸದ ವಲಯವಾಗಿಸಲು ಕೋರಿದ ತಮ್ಮದೇ ಸಹಿಯ ಅರ್ಜಿಯನ್ನು ಲಗತ್ತಿಸಿದೆ."