ದ್ರಿಲ್ಗಿಸನ ಚಿತೆ

"ಮುಖ ತೆಗೆದು ನೋಡೋದು ಬೇಡ," ಅಂದ ಕೋಟೆಯ ಅರ್ಚಕ. "ಏಟು ಮುಖಕ್ಕೇ ಬಿದ್ದಿದೆ."

ಜಿಯಾ ನೋಡಲಿಲ್ಲ. ಕಂಬಳಿಯಲ್ಲಿ ಸುತ್ತಿದ್ದ ಹೆಣದ ಪಾದಗಳನ್ನಷ್ಟೇ ತೊಳೆದಳು. ನುಣುಪಾದ ಹಿಮ್ಮಡಿಯ ಮೇಲೆ ಅವಳ ಕೈ ಒಂದು ಕ್ಷಣ ನಿಂತಿತು. ತಲೆಯೆತ್ತಿ ಅರ್ಚಕನನ್ನು ನೋಡಿದಳು.

"ಈ ರಾಜ್ಯ ಉಳಿದಿರೋದು ನಿನ್ನ ಗಂಡನಿಂದ, ತಾಯಿ," ಅಂದ ಆತ. "ಇನ್ನು ಅದು ನಿನ್ನ ಕೈಲೂ ಇದೆ."

ಸುದ್ದಿ ಆಗಲೇ ದಾನ್ಯೂಬ್ ನದಿಯವರೆಗೂ ಹಬ್ಬಿತ್ತು. ಡೇಸಿಯಾದ ಬಣಗಳನ್ನೆಲ್ಲ ಒಂದು ಮಾಡಿದ ರಾಜನನ್ನು ಮುಗಿಸಿ ನಾಡು ಹಂಚಿಕೊಳ್ಳಲು ನಾಯಕರು ಸಂಚು ಹೂಡಿದ್ದರು. ಬೇಟೆಯ ಬಿಡಾರಕ್ಕೆ ನುಗ್ಗಿ ಇರಿದರು. ಆದರೆ ಸತ್ತವನು ರಾಜನಲ್ಲ, ಜಿಯಾಳ ಗಂಡ, ಆಡು ಕಾಯುವ ದ್ರಿಲ್ಗಿಸ ಎಂದು ಅರ್ಚಕ ಸಾರಿದ. ರಾಜನನ್ನೇ ಹೋಲುತ್ತಿದ್ದ ಅವನನ್ನು, ಅಪಾಯದ ಜಾಗಗಳಲ್ಲಿ ರಾಜನ ಬದಲು ನಿಲ್ಲಿಸಲೆಂದು, ಕಳೆದ ಚಳಿಗಾಲದಲ್ಲಿ ಕೋಟೆಗೆ ಕರೆದೊಯ್ದಿದ್ದವನೂ ಈ ಅರ್ಚಕನೇ.

ನಾಯಕರು ಪಾಲು ಮಾಡಿಕೊಳ್ಳಲು ಕೂತಲ್ಲಿಗೇ ರಾಜ ನಡೆದುಬಂದ. ಗಂಟಲಿಗೆ ಪಟ್ಟಿ. ಗಲಾಟೆಯಲ್ಲಿ ತಾಗಿದ ಗಾಯ, ಮಾತು ಬಾರದು ಎಂದರು. ಮಾತು ಬೇಕಾಗಲೂ ಇಲ್ಲ. ನಾಯಕರು ಬಿಳಿಚಿಕೊಂಡು ಮಂಡಿಯೂರಿದರು. ನಾಡು ಒಡೆಯಲಿಲ್ಲ.

ಇತ್ತ ಚಿತೆಗೆ ಬೆಂಕಿ ಹತ್ತಿತು. ಕಣ್ಣು ಮಂಜಾದ ಅತ್ತೆ ಬೆಂದಿನಾ ಎದೆ ಬಡಿದುಕೊಂಡಳು.

"ಕಲ್ಲೇನೇ ನೀನು? ನನ್ನ ಮಗ ಉರೀತಿದ್ದಾನೆ, ಒಂದು ಹನಿ ಕಣ್ಣೀರಿಲ್ವಲ್ಲೇ!"

"ಬರ್ತಿಲ್ಲ ಅತ್ತೆ."

ನಿಜಕ್ಕೂ ಬರುತ್ತಿರಲಿಲ್ಲ. ಹೊಗೆ ನೇರ ಮುಖಕ್ಕೆ ಬಡಿಯುತ್ತಿತ್ತು. ಜಿಯಾ ಸರಿದು ನಿಲ್ಲಲಿಲ್ಲ. ಒಳಗೆ ಏನೂ ಅಲುಗಲಿಲ್ಲ.

ಸಂಜೆ ಸ್ವತಃ ರಾಜನೇ ಬಂದು ಕುದುರೆಯಿಂದಿಳಿದ. ಬೆಂದಿನಾ ತಡಕಾಡಿ ಅವನ ಕಾಲು ಹಿಡಿದಳು.

"ನನ್ನ ಮಗನ್ನ ತಗೊಂಡ್ರಿ, ಪ್ರಭು. ನೀವಾದ್ರೂ ಚೆನ್ನಾಗಿ ಬಾಳಿ."

ರಾಜ ಅವಳ ತಲೆಯ ಮೇಲೆ ಕೈಯಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಅರ್ಚಕ ಕೆಮ್ಮಿದ.

ಆಮೇಲೆ, ವಿಧವೆಗೆ ಸಮಾಧಾನ ಹೇಳಲೆಂದು, ರಾಜ ಒಬ್ಬನೇ ಗುಡಿಸಲೊಳಗೆ ಬಂದ. ಜಿಯಾ ತಲೆತಗ್ಗಿಸಿ ನವಣೆ ಗಂಜಿಯ ಬಟ್ಟಲು ಮುಂದಿಟ್ಟಳು. ಅವನು ಬಾಗಿಲತ್ತ ಒಮ್ಮೆ ನೋಡಿ ಗಂಟಲ ಪಟ್ಟಿ ಸಡಿಲಿಸಿದ.

"ಕರಿ ಆಡು ಈಯ್ತೇನೇ?"

ದನಿ ಅವಳ ಗಂಡನದು.

"ಎರಡು ಮರಿ, ಪ್ರಭು," ಅಂದಳು ಜಿಯಾ.

ಹೊರಗೆ ರಾಜನ ಚಿತೆ ಇನ್ನೂ ಉರಿಯುತ್ತಿತ್ತು.