ನಡೆದು ಬರೋಷ್ಟು ಹತ್ತಿರ

ಥೀಮ್ ಪಾರ್ಕಿನ ಸುತ್ತ ಅವರು ವಿಚಾರಿಸಿದ ನಾಲ್ಕನೇ ಲಾಡ್ಜ್ ಅದು. ಹೆಂಡತಿ ಬಾಗಿಲಲ್ಲೇ ಬ್ಯಾಗಿನ ಮೇಲೆ ಕುಸಿದು ಕೂತಳು.

"ಎರಡು ಸಾವಿರಕ್ಕೆ ಕಡಿಮೆ ಇಲ್ಲ ಸಾರ್," ಎಂದ ಮ್ಯಾನೇಜರ್. "ಅಗ್ಗದ್ದು ಬೇಕಂದ್ರೆ ಬಸ್‌ ಸ್ಟ್ಯಾಂಡ್ ಕಡೆ ನೋಡಿ. ಆಟೋದಲ್ಲಿ ಹತ್ತೇ ನಿಮಿಷ."

"ಆಟೋ ಆಗಲ್ಲ. ಪಾರ್ಕಿನ ಗೇಟಿಂದ ನಡೆದು ಬರೋಷ್ಟು ಹತ್ತಿರವೇ ಇರಬೇಕು. ಮಗಳಿಗೆ ಐದು ವರ್ಷ, ಜಾಸ್ತಿ ನಡೆಯಲ್ಲ. ಸಾವಿರ ಇದೆ, ಅಷ್ಟೂ ತಗೊಳ್ಳಿ." ಗಂಡ ಕೈ ಮುಗಿದ.

ಮ್ಯಾನೇಜರನ ಮನಸ್ಸು ಕರಗಿತು. "ಮೆಟ್ಟಿಲ ಕೆಳಗೊಂದು ಸಣ್ಣ ರೂಮಿದೆ, ಇರಿ. ಮಗು ಎಲ್ಲಿ?"

"ಪಾರ್ಕಲ್ಲೇ ಇದ್ದಾಳೆ. ಬರ್ತಾಳೆ."

"ಅವಳ ಆಧಾರೂ ಕೊಡಿ. ಪೊಲೀಸರು ರಿಜಿಸ್ಟರ್ ನೋಡ್ತಾರೆ."

ಮೂರು ಕಾರ್ಡು ಮೇಜಿನ ಮೇಲೆ ಬಂದವು. ಮೂರನೆಯದರಲ್ಲಿ ಎರಡು ಜಡೆಯ ಪುಟ್ಟ ಹುಡುಗಿ. ಹುಟ್ಟಿದ ತಾರೀಖು ಬರೆದುಕೊಳ್ಳುತ್ತಿದ್ದ ಮ್ಯಾನೇಜರ್ ಪೆನ್ನು ನಿಲ್ಲಿಸಿದ.

"ಏನ್ ಸಾರ್, ಸುಳ್ಳು ಹೇಳ್ತೀರಾ? ಇದರ ಪ್ರಕಾರ ನಿಮ್ಮ ಮಗಳಿಗೆ ಹತ್ತೊಂಬತ್ತು!"

ಬ್ಯಾಗಿನ ಮೇಲೆ ಕೂತಿದ್ದ ಹೆಂಡತಿ ತಲೆ ಎತ್ತಿದಳು.

"ಆ ಗೇಟಲ್ಲಿ ನನ್ನ ಕೈ ಬಿಡಿಸ್ಕೊಂಡು ಕಳೆದುಹೋದಾಗ ಐದೇ ವರ್ಷ ಅಣ್ಣ."