ಯಾರೂ ಮುಟ್ಟದ ನೀರು

ಊರಿನ ಬೋರ್‌ವೆಲ್ ಬತ್ತಿತ್ತು. ಗಾಳಿಯಿಂದ ನೀರು ತೆಗೆಯುತ್ತೇನೆಂದು ಒಬ್ಬ ಯಂತ್ರ ತಂದಿದ್ದ. ಬೆಳಗಿನಿಂದ ಬಯಲಲ್ಲಿಟ್ಟರೂ ಅದು ಒಂದು ಹನಿ ಉದುರಿಸಲಿಲ್ಲ.

"ಒಳಗ ಇಟ್ಟು ನೋಡೂಣ್ರಿ," ಎಂದ.

"ಯಾಕ? ಯಾರಿಗೂ ಕಾಣದಂಗ ನೀರು ಸುರುವಾಕೇನು?" ಎಂದರು ಗೌಡರು.

ತಾವೇ ಮುಂದೆ ನಿಂತು ಯಂತ್ರವನ್ನು ಪಂಚಾಯಿತಿ ಕೋಣೆಗೆ ಹಾಕಿಸಿ, ಕಿಟಕಿ ಬಾಗಿಲು ಬಿಗಿಸಿದರು. ಹೊರಗುಳಿದವರು ಏನಾದರೂ ಮೋಸ ಮಾಡಿಯಾರೆಂದು ಊರವರನ್ನೆಲ್ಲ ಒಳಗೇ ಕೂರಿಸಿದರು. ಊರಾಚೆಯ ಕೇರಿಯವರ ಮೇಲೆ ಗೌಡರಿಗೆ ಸಂಶಯ ಹೆಚ್ಚು. ಅವರನ್ನು ತಮ್ಮ ಕಣ್ಣೆದುರಿಗೇ, ಯಂತ್ರದ ಪಕ್ಕದಲ್ಲಿ ಕೂರಿಸಿದರು.

"ಕೈ ಮಾತ್ರ ಹಚ್ಚಬ್ಯಾಡ್ರಿ."

ಸೆಕೆಗೆ ಎಲ್ಲರೂ ಏದುಸಿರು ಬಿಡತೊಡಗಿದರು. ಅಷ್ಟರಲ್ಲಿ ಹನಿ ಬಿತ್ತು. ನೋಡನೋಡುತ್ತ ತಂಬಿಗೆ ತುಂಬಿತು.

"ಕೇರಿಯವರು ಯಾರೂ ಮುಟ್ಟಿಲ್ಲಲ್ಲ?"

"ಇಲ್ರಿ."

ಗೌಡರು ಗಟಗಟನೆ ಕುಡಿದು ಮೀಸೆ ಒರೆಸಿಕೊಂಡರು. "ಮುಂಜಾನೆ ಬರದ ನೀರು ಈಗೆಲ್ಲಿಂದ ಬಂತು?"

"ಮುಂಜಾನೆ ಬರೇ ಒಣ ಗಾಳಿ ಇತ್ರಿ ಗೌಡ್ರ," ಎಂದ ಯಂತ್ರದವನು, ಪಕ್ಕದಲ್ಲಿ ಕುಳಿತವರತ್ತ ಕೈ ತೋರಿಸುತ್ತ. "ಈಗ ಬಂದದ್ದು ಇವರು ಬಿಟ್ಟ ಉಸಿರು."